ತೊಟ್ಟಿ ತುಂಬಿದರೆ ಬ್ಯಾಟರಿಯೂ ತುಂಬುತ್ತೆ! ಸಿಮ್ಯುಲೇಷನ್‌ನಲ್ಲಿ ಕಾಣದ ಈ ದೋಷವನ್ನ ಯಾವ ಓಪನ್ ಸೋರ್ಸ್ ಟೂಲ್ ಹಿಡಿಯುತ್ತೆ?

ತೊಟ್ಟಿಮನೆ_ವಿಜಯನಗರ · ಶನಿವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಕೆರ ಹಿಡಿದಿದೆ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ.

ನಮ್ಮದು ಹದಿನಾರು ಮನೆಯ ಅಪಾರ್ಟ್‌ಮೆಂಟ್. ಕಾವೇರಿ ನೀರು ದಿನ ಬಿಟ್ಟು ದಿನ, ಮಧ್ಯೆ ಟ್ಯಾಂಕರ್. ಮೇಲಿನ ತೊಟ್ಟಿಯಲ್ಲಿ ನೀರೆಷ್ಟಿದೆ ಅಂತ ನೋಡೋಕೆ ವಾಚ್‌ಮನ್ ದಿನಕ್ಕೆ ನಾಲ್ಕು ಸಲ ಮಹಡಿ ಹತ್ತಬೇಕು. ಅವರ ಮಂಡಿ ನೋವು ನೋಡಲಾರದೆ ಒಂದು ಪೆಟ್ಟಿಗೆ ಮಾಡಿದೆ. ಎಟಿಮೆಗಾ328ಪಿ ಮೈಕ್ರೋಕಂಟ್ರೋಲರ್, 8 ಮೆಗಾಹರ್ಟ್ಸ್, 3.3 ವೋಲ್ಟ್, ಒಂದು ಲೋರಾ ರೇಡಿಯೊ, ಒಂದು ಲಿಥಿಯಂ ಸೆಲ್. ಎಡಿಸಿ (ವೋಲ್ಟೇಜನ್ನ ಸಂಖ್ಯೆ ಮಾಡೋ ಭಾಗ) ಚಾನೆಲ್ 0ಕ್ಕೆ ಪ್ರೆಶರ್ ಸೆನ್ಸರ್ (ತೊಟ್ಟಿ ಖಾಲಿ ಇದ್ದಾಗ 0.4 ವೋಲ್ಟ್, ತುಂಬಿದಾಗ 2.8). ಚಾನೆಲ್ 1ಕ್ಕೆ ಬ್ಯಾಟರಿ ವೋಲ್ಟೇಜ್‌ನ ಅರ್ಧ, ಎರಡು 1 ಮೆಗಾಓಮ್ ರೆಸಿಸ್ಟರ್‌ಗಳ ಡಿವೈಡರ್ ಮೂಲಕ. ಸಣ್ಣ ಬೆಲೆ ಹಾಕಿದರೆ ಡಿವೈಡರೇ ಬ್ಯಾಟರಿ ಕುಡಿದುಬಿಡುತ್ತೆ ಅಂತ 1 ಮೆಗಾ ಹಾಕಿದ್ದು.

ಈಗ ಸಮಸ್ಯೆ. ಮೀಟರ್ ಇಟ್ಟು ನೋಡಿದರೆ ಸೆಲ್ 3.9 ವೋಲ್ಟ್, ಅಲ್ಲಾಡಲ್ಲ. ಆದರೆ ತೊಟ್ಟಿ ತುಂಬಿದಾಗ ಮೊಬೈಲ್‌ನಲ್ಲಿ 4.2 ತೋರಿಸುತ್ತೆ, ಖಾಲಿಯಾದಾಗ 3.3. ನೀರು ಹಾಕಿದರೆ ಚಾರ್ಜ್ ಆಗೋ ಬ್ಯಾಟರಿ! ಪೇಟೆಂಟ್ ಮಾಡಿಸೋಣ ಅಂತ ಮನೆಯವಳು ತಮಾಷೆ ಮಾಡ್ತಾಳೆ.

ಅನಲಾಗ್ ಭಾಗವನ್ನ ಎನ್‌ಜಿಸ್ಪೈಸ್ ಅನ್ನೋ ಸರ್ಕ್ಯೂಟ್ ಸಿಮ್ಯುಲೇಟರ್‌ನಲ್ಲಿ ನೋಡಿದ್ದೀನಿ, ಸರಿ ಇದೆ. ಫರ್ಮ್‌ವೇರ್‌ನ (ಚಿಪ್ ಒಳಗಿನ ಪ್ರೋಗ್ರಾಂ) ಸಿಮ್‌ಎವಿಆರ್ ಅನ್ನೋ ಚಿಪ್ ಸಿಮ್ಯುಲೇಟರ್‌ನಲ್ಲಿ ಓಡಿಸಿದ್ದೀನಿ, ಅದೂ ಸರಿ ಇದೆ. ಎರಡನ್ನೂ ಒಟ್ಟಿಗೆ ಓಡಿಸೋ ಒಂದೇ ಓಪನ್ ಸೋರ್ಸ್ ಟೂಲ್ ಇದೆಯಾ? ದುಡ್ಡು ಕೊಟ್ಟು ತಗೊಳ್ಳೋದು ಬೇಡ.

ಬೆಸುಗೆಹೊಗೆ · ರಾತ್ರಿ 10:58

ಗುರು, ಮೊದಲು ಗ್ರೌಂಡ್ ನೋಡು. ಸೆನ್ಸರ್ ಗ್ರೌಂಡ್ ಮತ್ತೆ ಎಡಿಸಿ ಗ್ರೌಂಡ್ ಒಂದೇ ಸಣ್ಣ ಜಾಡಿನಲ್ಲಿ ಹೋಗಿದ್ರೆ ಹಿಂಗೆಲ್ಲ ಆಗುತ್ತೆ. ಸಿಮ್ಯುಲೇಷನ್ ಬೇಕೇ ಬೇಕು ಅಂದ್ರೆ ಎಲ್‌ಟಿಸ್ಪೈಸ್ ಹಾಕ್ಕೋ, ಫ್ರೀ.

ರಾತ್ರಿಪಾಳಿ · ರಾತ್ರಿ 11:10

ಎಲ್‌ಟಿಸ್ಪೈಸ್ ಬಿಟ್ಟಿ, ಆದರೆ ಓಪನ್ ಸೋರ್ಸ್ ಅಲ್ಲ. ಈ ವ್ಯತ್ಯಾಸ ಬರೀ ತತ್ವದ ಮಾತು ಅಂದ್ಕೋಬೇಡಿ. ಫರ್ಮ್‌ವೇರ್ ಜೊತೆ ಜೋಡಿಸಬೇಕು ಅಂತಿದ್ದಾರೆ ಅಣ್ಣ. ಎನ್‌ಜಿಸ್ಪೈಸ್‌ನ ಲೈಬ್ರರಿ ರೂಪದಲ್ಲಿ ಕಟ್ಟಿಕೊಂಡು ನಮ್ಮ ಪ್ರೋಗ್ರಾಂ ಒಳಗಿಂದಲೇ ಕರೆಯಬಹುದು. ಸರ್ಕ್ಯೂಟ್ ಬೋರ್ಡ್ ಬಿಡಿಸೋ ಕೈಕ್ಯಾಡ್ 2018ರಲ್ಲಿ ಬಂದ 5ನೇ ಆವೃತ್ತಿಯಿಂದ ಸಿಮ್ಯುಲೇಷನ್ ಮಾಡೋದು ಇದೇ ಲೈಬ್ರರಿ ಇಟ್ಕೊಂಡು. ಪ್ರತಿ ಹೆಜ್ಜೆಗೂ ವೋಲ್ಟೇಜ್ ಸೋರ್ಸ್‌ನ ಬೆಲೆ ಎಷ್ಟಿರಬೇಕು ಅಂತ ಅದು ನಮ್ಮ ಕೋಡನ್ನೇ ಕೇಳುತ್ತೆ. ಸಿಮ್‌ಎವಿಆರ್ ಕೂಡ ಸಿ ಲೈಬ್ರರಿ. ಎರಡನ್ನೂ ಹೊಲಿಯೋಕೆ ಇನ್ನೂರು ಮುನ್ನೂರು ಸಾಲು ಬರೆದರೆ ಆಯ್ತು.

ಆಯ್ತು ಅಂತ ಬರೆದೆ, ಆದರೆ ನಾನು ಮಾಡಿದಾಗ ಎರಡು ವಾರಾಂತ್ಯ ಹೋಯ್ತು.

ಸರ್ಜಾಪುರ_ಸಿಲಿಕಾನ್ · ಭಾನುವಾರ ಬೆಳಿಗ್ಗೆ 8:15

ನಾನು ಬೇರೆ ದಾರಿ ಹೇಳ್ತೀನಿ. ಸ್ಪೈಸ್ ಅನ್ನೋದು ಪ್ರತಿ ಹೆಜ್ಜೆಗೂ ಇಡೀ ಸರ್ಕ್ಯೂಟ್‌ನ ಸಮೀಕರಣಗಳನ್ನ ಒಟ್ಟಿಗೆ ಬಿಡಿಸೋ ಯಂತ್ರ. ಡಯೋಡ್, ಟ್ರಾನ್ಸಿಸ್ಟರ್ ಇದ್ದರೆ ಒಂದೊಂದು ಹೆಜ್ಜೆಗೂ ನ್ಯೂಟನ್-ರಾಫ್ಸನ್ (ಊಹಿಸಿ ತಿದ್ದುತ್ತಾ ಉತ್ತರಕ್ಕೆ ಹೋಗೋ ವಿಧಾನ) ನಾಲ್ಕಾರು ಸುತ್ತು. ನಿಮ್ಮ ಕಂಟ್ರೋಲರ್ ಸೆಕೆಂಡಿಗೆ 80 ಲಕ್ಷ ಗಡಿಯಾರ ಸುತ್ತು ಹಾಕುತ್ತೆ. ತೊಟ್ಟಿ ತುಂಬೋಕೆ ಒಂದು ಗಂಟೆ. ಸ್ಪೈಸ್‌ನ ಗಡಿಯಾರದ ಜೊತೆ ಕಟ್ಟಿಹಾಕಿ ಒಂದು ಗಂಟೆ ಓಡಿಸಿದರೆ ಮುಂದಿನ ಕಡಲೆಕಾಯಿ ಪರಿಷೆ ಹೊತ್ತಿಗೆ ಉತ್ತರ ಬರಬಹುದು.

ಇದಕ್ಕೇ ಸಿಸ್ಟಂಸಿ ಎಎಂಎಸ್ ಇರೋದು, ಅನಲಾಗ್ ಡಿಜಿಟಲ್ ಎರಡನ್ನೂ ಸಿ++ನಲ್ಲಿ ಮಾಡೆಲ್ ಮಾಡೋ ಲೈಬ್ರರಿ. 2016ರಲ್ಲಿ ಐಇಇಇ 1666.1 ಅಂತ ಸ್ಟ್ಯಾಂಡರ್ಡ್ ಆಯ್ತು, ಉಚಿತ ಇಂಪ್ಲಿಮೆಂಟೇಷನ್ ಅಪಾಚೆ ಲೈಸೆನ್ಸ್‌ನಲ್ಲಿ ಸಿಗುತ್ತೆ. ಅದರಲ್ಲಿ ಮೂರು ಥರದ ಮಾಡೆಲಿಂಗ್ ಇದೆ. ಟೈಮ್ಡ್ ಡೇಟಾ ಫ್ಲೋದಲ್ಲಿ ಸಿಗ್ನಲ್ ಬರೀ ಸ್ಯಾಂಪಲ್‌ಗಳ ಸಾಲು, ಹಾಗಾಗಿ ತುಂಬಾ ವೇಗ. ಲೀನಿಯರ್ ಸಿಗ್ನಲ್ ಫ್ಲೋ ಫಿಲ್ಟರ್, ಇಂಟಿಗ್ರೇಟರ್ ಥರದ್ದಕ್ಕೆ. ಎಲೆಕ್ಟ್ರಿಕಲ್ ಲೀನಿಯರ್ ನೆಟ್‌ವರ್ಕ್‌ನಲ್ಲಿ ನಿಜವಾದ ಆರ್, ಎಲ್, ಸಿ ಹಾಕಬಹುದು. ಡಿಜಿಟಲ್ ಕಡೆ ಮಾಮೂಲಿ ಸಿಸ್ಟಂಸಿ. ಎಲ್ಲ ಒಂದೇ ಸಿ++ ಪ್ರೋಗ್ರಾಂ.

ತೊಂದರೆ ಏನಂದ್ರೆ ಹೆಸರಲ್ಲೇ ಲೀನಿಯರ್ ಇದೆ. ಡಯೋಡ್ ಬೇಕಾದರೆ ಅದರ ಸಮೀಕರಣ ನೀವೇ ಬರೀಬೇಕು. ಇನ್ನೊಂದು, ಕಂಪೈಲ್ ಎರರ್‌ಗಳು. ಒಂದು ಪೋರ್ಟ್ ತಪ್ಪು ಜೋಡಿಸಿದರೆ ಮೂರು ಪುಟ ಟೆಂಪ್ಲೇಟ್ ಬೈಗುಳ.

ಪಾಠದ_ಮೇಷ್ಟ್ರು · ಬೆಳಿಗ್ಗೆ 9:30

ನಮ್ಮ ಕಾಲೇಜಿನ ಮಕ್ಕಳಿಗೆ ನಾನು ಕೊಡೋದು ಇಸಿಮ್. ಐಐಟಿ ಬಾಂಬೆಯ ಫಾಸ್ಸೀ ತಂಡದ್ದು, ಕೈಕ್ಯಾಡ್, ಎನ್‌ಜಿಸ್ಪೈಸ್, ಜಿಎಚ್‌ಡಿಎಲ್ ಎಲ್ಲ ಒಂದೇ ಕಟ್ಟಿನಲ್ಲಿ. ಡಿಜಿಟಲ್ ಬ್ಲಾಕನ್ನು ವಿಎಚ್‌ಡಿಎಲ್‌ನಲ್ಲಿ (ಹಾರ್ಡ್‌ವೇರ್ ವಿವರಿಸೋ ಭಾಷೆ, ವೆರಿಲಾಗ್ ಕೂಡ ಅಂಥದ್ದೇ) ಬರೆದರೆ ಜಿಎಚ್‌ಡಿಎಲ್ ಅದನ್ನು ನಡೆಸುತ್ತೆ, ಎನ್‌ಜಿಸ್ಪೈಸ್ ಜೊತೆ ಸಾಕೆಟ್ ಮೂಲಕ ಮಾತಾಡುತ್ತೆ. ವೆರಿಲಾಗ್ ಆದರೆ ವೆರಿಲೇಟರ್ ದಾರಿ ಇದೆ. ಎಲ್ಲವನ್ನೂ ಬೇರೆಬೇರೆ ಇನ್‌ಸ್ಟಾಲ್ ಮಾಡಿಸಿ ಒಂದು ಸೆಮಿಸ್ಟರ್ ಕಳೆಯೋದಕ್ಕಿಂತ ಇದು ವಾಸಿ. ಆದರೆ ಕೊಂಡುತಂದ ಮೈಕ್ರೋಕಂಟ್ರೋಲರ್‌ನ ಒಳಗಿನ ವಿಎಚ್‌ಡಿಎಲ್ ನಮ್ಮ ಕೈಯಲ್ಲಿ ಇರಲ್ಲ. ಆದ್ದರಿಂದ ತೊಟ್ಟಿಯವರ ಕೆಲಸಕ್ಕೆ ಇದು ನೇರವಾಗಿ ಒದಗಲ್ಲ.

ನಿವೃತ್ತ_ಮಲ್ಲೇಶ್ವರ · ಬೆಳಿಗ್ಗೆ 11:05

ಎಲ್ಲರೂ ಟೂಲ್‌ಗಳ ಸಂತೆಯಲ್ಲೇ ಸುತ್ತುತ್ತಿದ್ದೀರಿ. ತೊಟ್ಟಿಯವರೇ, ನಿಮ್ಮ ಎರಡು ಸಿಮ್ಯುಲೇಷನ್‌ಗಳ ನಡುವಿನ ಬೇಲಿಯಲ್ಲಿ ಏನಿದೆ ಎಂದು ನೋಡಿದಿರಾ?

ಸಿಮ್‌ಎವಿಆರ್‌ನ ಎಡಿಸಿಗೆ ನೀವು ಇಷ್ಟು ಮಿಲಿವೋಲ್ಟ್ ಎಂದು ಒಂದು ಸಂಖ್ಯೆ ಕೊಡುತ್ತೀರಿ. ಅದು ಆ ಸಂಖ್ಯೆಯನ್ನು ಹತ್ತು ಬಿಟ್‌ಗೆ ಇಳಿಸಿ ಕೊಡುತ್ತದೆ. ಎನ್‌ಜಿಸ್ಪೈಸ್‌ನಲ್ಲಿ ನಿಮ್ಮ ಸರ್ಕ್ಯೂಟ್ ಪಿನ್‌ಗೆ ಬಂದು ನಿಂತಿದೆ. ಅಂದರೆ ನಿಜವಾದ ಎಡಿಸಿ ಎರಡು ಕಡೆಯೂ ಇಲ್ಲ. ನೀವು ಪರೀಕ್ಷೆ ಮಾಡಿದ್ದು ಎರಡು ದಡಗಳನ್ನು. ಹೊಳೆಯನ್ನೇ ಬಿಟ್ಟಿದ್ದೀರಿ.

ಆ ಚಿಪ್‌ನಲ್ಲಿ ಇರುವುದು ಒಂದೇ ಎಡಿಸಿ, ಎಲ್ಲ ಚಾನೆಲ್‌ಗೂ ಒಂದೇ ಸ್ಯಾಂಪಲ್-ಹೋಲ್ಡ್ ಕೆಪ್ಯಾಸಿಟರ್, ಅಂದರೆ ಅಳೆಯುವಾಗ ವೋಲ್ಟೇಜನ್ನು ಹಿಡಿದಿಡುವ ಪುಟ್ಟ ಪಾತ್ರೆ. ಡೇಟಾಶೀಟ್ ಪ್ರಕಾರ 14 ಪಿಕೋಫ್ಯಾರಡ್. ಚಾನೆಲ್ ಆರಿಸುವ ಸ್ವಿಚ್, ಅಂದರೆ ಮಲ್ಟಿಪ್ಲೆಕ್ಸರ್, ಚಾನೆಲ್ 0ರಿಂದ 1ಕ್ಕೆ ಹೊರಳಿದಾಗ ಆ ಕೆಪ್ಯಾಸಿಟರ್ ಇನ್ನೂ ತೊಟ್ಟಿಯ ವೋಲ್ಟೇಜ್ ಹೊತ್ತುಕೊಂಡೇ ಇರುತ್ತದೆ. ಅದು ಬ್ಯಾಟರಿಯ ವೋಲ್ಟೇಜ್‌ಗೆ ಬರಬೇಕಾದರೆ ನಿಮ್ಮ ಡಿವೈಡರ್ ಮೂಲಕವೇ ಬರಬೇಕು. ಎರಡು ಮೆಗಾಓಮ್‌ಗಳು ಸಮಾಂತರ, 500 ಕಿಲೋಓಮ್. ಒಳಗಿನ ಸ್ವಿಚ್‌ಗೆ 10 ಕಿಲೋ ಎಂದು ಇಟ್ಟುಕೊಳ್ಳಿ. 510 ಕಿಲೋ, 14 ಪಿಕೋ: ಕಾಲಸ್ಥಿರಾಂಕ 7.14 ಮೈಕ್ರೋಸೆಕೆಂಡ್. ಎಡಿಸಿ ಗಡಿಯಾರ 125 ಕಿಲೋಹರ್ಟ್ಸ್ ಆದರೆ, ಕನ್ವರ್ಷನ್ ಶುರುವಾದ ಒಂದೂವರೆ ಸುತ್ತಿಗೆ, ಅಂದರೆ 12 ಮೈಕ್ರೋಸೆಕೆಂಡಿಗೆ, ಬಾಗಿಲು ಮುಚ್ಚುತ್ತದೆ. ಶೇ. 19ರಷ್ಟು ಹಳೆಯ ವೋಲ್ಟೇಜ್ ಉಳಿದೇ ಇರುತ್ತದೆ. ಸೋರ್ಸ್ ಇಂಪೀಡೆನ್ಸ್ 10 ಕಿಲೋಓಮ್ ಅಥವಾ ಕಡಿಮೆ ಇರಲಿ ಎಂದು ಡೇಟಾಶೀಟ್ ಹೇಳುವುದು ಇದಕ್ಕೇ.

ಆರ್ಡುಯಿನೊದಲ್ಲಿ ಎಡಿಸಿ ಓದುವ ಅನಲಾಗ್‌ರೀಡ್‌ನ ಮೂಲ ಕೋಡ್ ತೆರೆದು ನೋಡಿ. ಕಾಮೆಂಟ್ ಮಾಡಿಟ್ಟ ಒಂದು ಮಿಲಿಸೆಕೆಂಡಿನ ಡಿಲೇ ಸಾಲು ಇದೆ. ತಡ ಕೊಡದಿದ್ದರೆ ತಪ್ಪು ಚಾನೆಲ್ ಓದಿದಂತಾಗುತ್ತದೆ ಎಂಬ ಅರ್ಥದ ಟಿಪ್ಪಣಿ ಅದರ ಮೇಲೆಯೇ ಇದೆ. ಯಾರೋ ನಿಮಗಿಂತ ಮೊದಲೇ ಈ ಗುಂಡಿಗೆ ಬಿದ್ದು ಎದ್ದಿದ್ದಾರೆ.

ತೊಟ್ಟಿಮನೆ_ವಿಜಯನಗರ · ಮಧ್ಯಾಹ್ನ 3:20

ಸರ್, ಕಾಲಿಗೆ ಬಿದ್ದೆ. ಊಟ ಬಿಟ್ಟು ಕೂತು ಎನ್‌ಜಿಸ್ಪೈಸ್‌ನಲ್ಲಿ 14 ಪಿಕೋ ಕೆಪ್ಯಾಸಿಟರ್, ಎರಡು ಸ್ವಿಚ್, ಸ್ವಿಚ್‌ಗಳನ್ನ ಕುಣಿಸೋಕೆ ಎರಡು ಪಲ್ಸ್ ಸೋರ್ಸ್ ಹಾಕಿದೆ. ಮೊದಲು "ಟೈಮ್‌ಸ್ಟೆಪ್ ಟೂ ಸ್ಮಾಲ್" ಅಂತ ಮುಖದ ಮೇಲೆ ಹೊಡೀತು. ಸ್ವಿಚ್‌ನ ಆನ್ ರೆಸಿಸ್ಟೆನ್ಸ್ 10 ಕಿಲೋ ಮಾಡಿ, ಪಲ್ಸ್‌ನ ಏರಿಳಿತಕ್ಕೆ 10 ನ್ಯಾನೋಸೆಕೆಂಡ್ ಕೊಟ್ಟಮೇಲೆ ಓಡ್ತು.

ಆದರೆ ಫಲಿತಾಂಶ? 1.95 ವೋಲ್ಟ್. ಸರಿಯಾಗಿ. ತೊಟ್ಟಿ ಖಾಲಿ ಇದ್ದರೂ 1.95, ತುಂಬಿದ್ದರೂ 1.95. ನಿಮ್ಮ ಲೆಕ್ಕದ ಶೇ. 19 ಎಲ್ಲೂ ಕಾಣ್ತಿಲ್ಲ.

ಬೆಸುಗೆಹೊಗೆ · ಮಧ್ಯಾಹ್ನ 3:31

ಗ್ರೌಂಡ್ ಅಂತ ನಾನು ಆಗ್ಲೇ ಹೇಳಿದ್ನಲ್ಲ

ರಾತ್ರಿಪಾಳಿ · ಮಧ್ಯಾಹ್ನ 3:40

ಅಣ್ಣ, ನೆಟ್‌ಲಿಸ್ಟ್ (ಸ್ಪೈಸ್‌ಗೆ ಕೊಟ್ಟ ಸರ್ಕ್ಯೂಟ್ ಪಟ್ಟಿ) ಹಾಕಿ ಇಲ್ಲಿ. ಪೂರ್ತಿ. ಚಿತ್ರ ಬೇಡ, ಸಾಲು ಸಾಲಾಗಿ.

ತೊಟ್ಟಿಮನೆ_ವಿಜಯನಗರ · ಮಧ್ಯಾಹ್ನ 3:52

ಮೊಬೈಲಿಂದ ಬರೀತಿದ್ದೀನಿ, ಹಾಗೇ ಓದಿ ಹೇಳ್ತೀನಿ. ಮೊದಲ ಸಾಲು ಹೆಸರು. ಆಮೇಲೆ ಬ್ಯಾಟರಿ, ಡಿಸಿ 3.9. ಆರ್1 ಬ್ಯಾಟರಿಯಿಂದ ನಡುವಿನ ನೋಡ್‌ಗೆ, 1ಎಂ. ಆರ್2 ನಡುವಿನ ನೋಡ್‌ನಿಂದ ಸೊನ್ನೆಗೆ, 1ಎಂ. ಸಿ1 ಹೋಲ್ಡ್‌ನಿಂದ ಸೊನ್ನೆಗೆ, 14ಪಿ. ಆಮೇಲೆ ಸ್ವಿಚ್‌ಗಳು...

ರಾತ್ರಿಪಾಳಿ · ಮಧ್ಯಾಹ್ನ 3:54

ನಿಲ್ಲಿಸಿ ನಿಲ್ಲಿಸಿ. 1ಎಂ!!

ಸ್ಪೈಸ್‌ನಲ್ಲಿ ಎಂ ಅಂದ್ರೆ ಮಿಲಿ. ಮೆಗಾ ಬೇಕಾದ್ರೆ "ಮೆಗ್" ಅಂತ ಮೂರಕ್ಷರ ಬರೀಬೇಕು. ನಿಮ್ಮ ಡಿವೈಡರ್ ಎರಡು ಮಿಲಿಓಮ್‌ದು. 3.9 ವೋಲ್ಟ್‌ಗೆ 1,950 ಆಂಪಿಯರ್. ಆ ಪುಟ್ಟ ಸೆಲ್ ಇಡೀ ವಿಜಯನಗರದ ದೀಪ ಹಚ್ಚಿದೆ ಸಿಮ್ಯುಲೇಷನ್‌ನಲ್ಲಿ 😂

ತೊಟ್ಟಿಮನೆ_ವಿಜಯನಗರ · ಮಧ್ಯಾಹ್ನ 4:03

ಅಯ್ಯಯ್ಯೋ. ಒಂದು ತಿಂಗಳು. ಒಂದು ತಿಂಗಳಿಂದ ಈ ಫೈಲ್ ನೋಡ್ತಿದ್ದೀನಿ. ಎರಡೂ ಕಡೆ ಒಂದೇ ತಪ್ಪು, ಅದಕ್ಕೆ ಅರ್ಧ ಅನ್ನೋದು ಮಾತ್ರ ಸರಿಯಾಗಿ ಬರ್ತಿತ್ತು.

ನಿವೃತ್ತ_ಮಲ್ಲೇಶ್ವರ · ಸಂಜೆ 5:15

ಬೇಜಾರು ಬೇಡ. ಸ್ಪೈಸ್ 1973ರದು. ಬರ್ಕ್‌ಲಿಯಲ್ಲಿ ಲಾರೆನ್ಸ್ ನೇಗಲ್ ಬರೆದದ್ದು, ಫೋರ್‌ಟ್ರಾನ್‌ನಲ್ಲಿ. ಸರ್ಕ್ಯೂಟನ್ನು ಪಂಚ್ ಕಾರ್ಡ್‌ಗಳಲ್ಲಿ ಕೊಡುತ್ತಿದ್ದ ಕಾಲ. ನೆಟ್‌ಲಿಸ್ಟ್‌ಗೆ ಇವತ್ತಿಗೂ "ಡೆಕ್" ಎನ್ನುವುದು ಆ ಕಾರ್ಡಿನ ಕಟ್ಟಿನಿಂದ ಉಳಿದ ಹೆಸರು. ಅಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ. ಎಂ ಒಂದೇ, ಅದು ಮಿಲಿಗೆ ಹೋಯಿತು. ನಮ್ಮಲ್ಲಿ ಹಾಲು ಆಲೂ ಆದರೆ ಅಡುಗೆ ಮಾತ್ರ ಕೆಡುತ್ತದೆ, ಇಲ್ಲಿ ನೂರು ಕೋಟಿ ಪಟ್ಟು ವ್ಯತ್ಯಾಸ. ಕೆಪ್ಯಾಸಿಟರ್‌ಗೆ 1ಎಫ್ ಎಂದು ಬರೆದರೂ ಇದೇ ಗತಿ. ಒಂದು ಫ್ಯಾರಡ್ ಅಲ್ಲ, ಒಂದು ಫೆಮ್ಟೋ.

ನಾನು ಯಾವ ಸಿಮ್ಯುಲೇಷನ್ ಮಾಡಿದರೂ ಮೊದಲು ನೋಡುವುದು ಬ್ಯಾಟರಿಯಿಂದ ಹೊರಟ ಕರೆಂಟನ್ನು. ವೋಲ್ಟೇಜ್ ಸುಳ್ಳು ಹೇಳಿದರೂ ಕರೆಂಟ್ ಬಾಯಿಬಿಡುತ್ತದೆ.

ತೊಟ್ಟಿಮನೆ_ವಿಜಯನಗರ · ರಾತ್ರಿ 9:47

ಬಂತು! ಮೆಗ್ ಅಂತ ತಿದ್ದಿದ ಮೇಲೆ ತೊಟ್ಟಿ ತುಂಬಿದಾಗ ಹೋಲ್ಡ್ ಕೆಪ್ಯಾಸಿಟರ್ 2.11 ವೋಲ್ಟ್‌ನಲ್ಲಿ ನಿಲ್ಲುತ್ತೆ, ಎರಡರಿಂದ ಗುಣಿಸಿದರೆ 4.22. ಖಾಲಿ ಇದ್ದಾಗ 1.66, ಅಂದರೆ 3.3. ಬೋರ್ಡ್ ತೋರಿಸ್ತಿದ್ದ ಸಂಖ್ಯೆಗಳೇ!

ಸರ್ಜಾಪುರ_ಸಿಲಿಕಾನ್ · ರಾತ್ರಿ 10:20

ಅಭಿನಂದನೆ. ಆದರೆ ಇಷ್ಟು ಚೆನ್ನಾಗಿ ಹೊಂದಿಕೊಂಡಿದ್ದು ಸ್ವಲ್ಪ ಅದೃಷ್ಟ ಕೂಡ. ಪಿನ್‌ನದ್ದು, ಜಾಡಿನದ್ದು ಕೆಪ್ಯಾಸಿಟೆನ್ಸ್ ಹಾಕಿಲ್ಲ ನೀವು. 10 ಪಿಕೋ ಸೇರಿಸಿ ನೋಡಿ: ಮೊದಲ ಕ್ಷಣಕ್ಕೇ ಚಾರ್ಜ್ ಹಂಚಿಕೆಯಾಗುತ್ತೆ, ಆಮೇಲೆ ಕಾಲಸ್ಥಿರಾಂಕ 12 ಮೈಕ್ರೋಸೆಕೆಂಡ್ ಹತ್ತಿರ ಹೋಗುತ್ತೆ. ಉಳಿಯೋದು ಶೇ. 19ರ ಬದಲು 21-22. ಒಳಗಿನ ಸ್ವಿಚ್ ರೆಸಿಸ್ಟೆನ್ಸ್ ಅಂತೂ ಡೇಟಾಶೀಟ್‌ನಲ್ಲಿ 1ರಿಂದ 100 ಕಿಲೋ ಅಂತ ಇದೆ. ದೋಷದ ಕಾರಣ ಸಿಕ್ಕಿದೆ, ಎರಡನೇ ದಶಾಂಶ ನಂಬಬೇಡಿ.

ರಾತ್ರಿಪಾಳಿ · ರಾತ್ರಿ 10:41

ಮೇಡಂ ಹೇಳಿದ್ದು ನಿಜ. ಪರಿಹಾರ ಮಾತ್ರ ಸುಲಭ, ಎಸ್‌ಪಿ ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತೆ: ಚಾನೆಲ್ 1ರ ಪಿನ್‌ಗೆ 100 ನ್ಯಾನೋಫ್ಯಾರಡ್. 14 ಪಿಕೋದ ಹಸಿವು ಅದಕ್ಕೆ ಲೆಕ್ಕಕ್ಕಿಲ್ಲ, ಏಳು ಸಾವಿರದಲ್ಲಿ ಒಂದು ಪಾಲು. ಡಿವೈಡರ್ ಮುಟ್ಟೋದೇ ಬೇಡ, ಎರಡು ಮೈಕ್ರೋಆಂಪ್‌ನಲ್ಲೇ ಇರಲಿ.

ನಿವೃತ್ತ_ಮಲ್ಲೇಶ್ವರ · ಸೋಮವಾರ ಬೆಳಿಗ್ಗೆ 6:30

ಒಂದು ಎಚ್ಚರಿಕೆ. ಆ 100 ನ್ಯಾನೋ ಒಂದು ಬಿಂದಿಗೆ, ಅದನ್ನು ತುಂಬುವ ನಲ್ಲಿ ಅದೇ 500 ಕಿಲೋಓಮ್. ಕಾಲಸ್ಥಿರಾಂಕ 50 ಮಿಲಿಸೆಕೆಂಡ್. ನಿಮಿಷಕ್ಕೊಮ್ಮೆ ಓದಿದರೆ ಚಿಂತೆಯಿಲ್ಲ. ಒಂದು ಬಾರಿಗೆ ಹದಿನಾರು ಸಲ ಅದಲುಬದಲಾಗಿ ಓದಿ ಸರಾಸರಿ ಮಾಡಿದರೂ ಸುಮಾರು ಒಂದು ಎಣಿಕೆಯ (ಎಡಿಸಿಯ ಅತಿ ಸಣ್ಣ ಹೆಜ್ಜೆ) ತಪ್ಪು. ಆದರೆ ಯಾರಾದರೂ ಎರಡು ಚಾನೆಲ್‌ಗಳನ್ನು ಪೂರ್ಣ ವೇಗದಲ್ಲಿ ಬಿಡದೆ ಓದುತ್ತಲೇ ಇದ್ದರೆ, ಒಂದೊಂದು ಚಾನೆಲ್‌ಗೆ ಸೆಕೆಂಡಿಗೆ 4,800 ಸ್ಯಾಂಪಲ್. ಆಗ ಆ 14 ಪಿಕೋ, ಎರಡು ಚಾನೆಲ್‌ಗಳ ನಡುವೆ 15 ಮೆಗಾಓಮ್ ರೆಸಿಸ್ಟರ್ ಕಟ್ಟಿದಂತೆ ವರ್ತಿಸುತ್ತದೆ. ವೋಲ್ಟೇಜ್ ಅಂತರದ ಶೇ. 3ರಷ್ಟು ತಪ್ಪು ಮರಳಿ ಬರುತ್ತದೆ, ಈ ಬಾರಿ ನಿಧಾನವಾಗಿ ತೇಲಿಕೊಂಡು.

ಪಿನ್‌ನ ಲೀಕೇಜ್ ಕೂಡ ಇದೆ. ಡೇಟಾಶೀಟ್‌ನ ಗರಿಷ್ಠ 1 ಮೈಕ್ರೋಆಂಪ್. 500 ಕಿಲೋಗೆ ಅರ್ಧ ವೋಲ್ಟ್! ವಾಡಿಕೆಯಲ್ಲಿ ಅದಕ್ಕಿಂತ ಬಹಳ ಕಡಿಮೆ ಇರುತ್ತದೆ, ಆದರೂ ಏಪ್ರಿಲ್ ಬಿಸಿಲಿನಲ್ಲಿ ತಾರಸಿಯ ಮೇಲಿನ ಪೆಟ್ಟಿಗೆ ಅದು. ಮಾಡೆಲ್‌ಗೆ ಒಂದು ಕರೆಂಟ್ ಸೋರ್ಸ್ ಸೇರಿಸಿ ನೋಡಿ.

ತೊಟ್ಟಿಮನೆ_ವಿಜಯನಗರ · ಸೋಮವಾರ ರಾತ್ರಿ 9:10

100 ನ್ಯಾನೋ ಬೆಸೆದೆ. 3.9, 3.9, 3.9. ಬೆಳಿಗ್ಗೆ ಟ್ಯಾಂಕರ್ ಬಂದು ತೊಟ್ಟಿ ತುಂಬಿದರೂ 3.9. ಪೇಟೆಂಟ್ ಕೈತಪ್ಪಿತು.

ಈಗ ನನ್ನ ಮೊದಲ ಪ್ರಶ್ನೆಗೆ ಬರ್ತೀನಿ. ಫರ್ಮ್‌ವೇರ್ ಜೊತೆ ಜೋಡಿಸೋದು ಬಿಟ್ಟೇಬಿಡಲಾ?

ರಾತ್ರಿಪಾಳಿ · ರಾತ್ರಿ 9:38

ಬಿಡಬೇಡಿ, ಸಣ್ಣದು ಮಾಡಿ. ಸಿಮ್‌ಎವಿಆರ್‌ನಲ್ಲಿ ಎಡಿಸಿ ಕನ್ವರ್ಷನ್ ಶುರುವಾದಾಗ ನಮ್ಮ ಕೋಡ್‌ಗೆ ಕರೆ ಬರುತ್ತೆ. ಅಲ್ಲಿ ಎನ್‌ಜಿಸ್ಪೈಸ್ ಎಬ್ಬಿಸೋದು ಬೇಡ, ನಾಲ್ಕು ಸಾಲು ಸಿ ಬರೀರಿ: ಹೋಲ್ಡ್ ಕೆಪ್ಯಾಸಿಟರ್‌ನಲ್ಲಿ ಹಿಂದೆ ಉಳಿದ ವೋಲ್ಟೇಜ್, ಈಗಿನ ಚಾನೆಲ್‌ನ ವೋಲ್ಟೇಜ್, ಚಾನೆಲ್ ಬದಲಾಗಿ ಎಷ್ಟು ಹೊತ್ತಾಯ್ತು, ಒಂದು ಎಕ್ಸ್‌ಪೊನೆನ್ಶಿಯಲ್. ಬಂದ ಉತ್ತರವನ್ನ ಮಿಲಿವೋಲ್ಟ್‌ನಲ್ಲಿ ವಾಪಸ್ ಕೊಡಿ. ಆ ಸೂತ್ರ ಸರಿಯಾ ಅಂತ ನೋಡೋಕೆ ಮಾತ್ರ ಎನ್‌ಜಿಸ್ಪೈಸ್. ಆಗ ಒಂದು ದಿನದ ನೀರಿನ ಏರಿಳಿತ ಓಡಿಸಿ, ರೇಡಿಯೊ ಸಂದೇಶದವರೆಗೂ ನೋಡಬಹುದು.

ಚಿಪ್ ಬದಲಿಸಿ ಕಾರ್ಟೆಕ್ಸ್-ಎಂ ಅಥವಾ ರಿಸ್ಕ್-ವಿ ಥರದ ಬೇರೆ ಪ್ರೊಸೆಸರ್‌ಗೆ ಹೋದರೆ ಸಿಮ್‌ಎವಿಆರ್ ಜಾಗಕ್ಕೆ ರೆನೋಡ್. ಅದರಲ್ಲಿ ಹತ್ತು ಬೋರ್ಡ್ ಒಟ್ಟಿಗೆ ನಿಲ್ಲಿಸಿ ಒಂದಕ್ಕೊಂದು ಮಾತಾಡಿಸಬಹುದು.

ಸರ್ಜಾಪುರ_ಸಿಲಿಕಾನ್ · ರಾತ್ರಿ 10:02

ನಾನು ಸಿಸ್ಟಂಸಿ ಎಎಂಎಸ್ ಅಂದಿದ್ದು ಒಂದೇ ಬೋರ್ಡಿಗೆ ಅತಿಯಾಯ್ತು, ಒಪ್ಪಿದೆ. ಆದರೆ ಆ ನಾಲ್ಕು ಸಾಲು ಸಿ ಇದೆಯಲ್ಲ, ಅದು ನಾಳೆ ನಲವತ್ತಾಗುತ್ತೆ, ನಾಡಿದ್ದು ನಾನೂರು. ಆಗ ಟೈಮ್ಡ್ ಡೇಟಾ ಫ್ಲೋವನ್ನ ನೀವೇ ಕೈಯಾರೆ, ಕೆಟ್ಟದಾಗಿ ಮತ್ತೆ ಬರೆದಿರ್ತೀರಿ. ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನ ನಾವೇ ಬರೆಯೋ ಚಿಪ್) ಇದ್ದರೆ ಇನ್ನೊಂದು ದಾರಿ ನೆನಪಿರಲಿ: ಎನ್‌ಜಿಸ್ಪೈಸ್‌ನ ಹೊಸ ಆವೃತ್ತಿಗಳಲ್ಲಿ ಡಿ_ಕೋಸಿಮ್ ಅಂತ ಇದೆ. ನಿಮ್ಮ ವೆರಿಲಾಗ್‌ನ ವೆರಿಲೇಟರ್ ಸಿ++ಗೆ ಇಳಿಸುತ್ತೆ, ಅದು ಸರ್ಕ್ಯೂಟ್ ಒಳಗೇ ಒಂದು ಬಿಡಿಭಾಗದ ಹಾಗೆ ಕೂರುತ್ತೆ.

ಹೊಸಬ_ಕೆಂಗೇರಿ · ಮಂಗಳವಾರ ಬೆಳಿಗ್ಗೆ 10:12

ಅಕ್ಕ, ನಾನು ಮೂರನೇ ವರ್ಷದ ಇಸಿ. ಚಿಪ್ ಡಿಸೈನ್ ಕಲಿಯೋಕೂ ಇದೇ ಟೂಲ್‌ಗಳೇ ಸಾಕಾ?

ಸರ್ಜಾಪುರ_ಸಿಲಿಕಾನ್ · ಮಂಗಳವಾರ ಬೆಳಿಗ್ಗೆ 11:30

ಕಲಿಯೋಕೆ ಧಾರಾಳ ಸಾಕು. 2020ರಲ್ಲಿ ಗೂಗಲ್ ಮತ್ತು ಸ್ಕೈವಾಟರ್ ಸೇರಿ 130 ನ್ಯಾನೋಮೀಟರ್ ಪ್ರಕ್ರಿಯೆಯ ಮಾಹಿತಿ ಹೊರಗಿಟ್ಟ ಮೇಲೆ ದಾರಿ ತೆರೀತು. ಸ್ಕೀಮ್ಯಾಟಿಕ್‌ಗೆ ಎಕ್ಸ್‌ಸ್ಕೀಮ್, ಸಿಮ್ಯುಲೇಷನ್‌ಗೆ ಇದೇ ಎನ್‌ಜಿಸ್ಪೈಸ್, ಲೇಔಟ್‌ಗೆ ಮ್ಯಾಜಿಕ್ ಅಥವಾ ಕೆಲೇಔಟ್. ವೆರಿಲಾಗ್-ಎ (ಅನಲಾಗ್ ಭಾಗಗಳನ್ನ ವಿವರಿಸೋ ಭಾಷೆ) ಮಾಡೆಲ್ ಬಂದರೆ ಅದನ್ನ ಕಂಪೈಲ್ ಮಾಡೋಕೆ ಓಪನ್‌ವಿಎಎಫ್. ಚಿಪ್ ಮಾಡಿಸಿಕೊಡ್ತಿದ್ದ ಎಫ್ಯಾಬ್‌ಲೆಸ್ 2025ರಲ್ಲಿ ಬಾಗಿಲು ಹಾಕಿತು, ಅದು ದೊಡ್ಡ ಪೆಟ್ಟು. ಹಲವರ ಪುಟ್ಟ ಡಿಸೈನ್‌ಗಳನ್ನ ಒಂದೇ ಚಿಪ್‌ನಲ್ಲಿ ಮಾಡಿಸೋ ಟೈನಿ ಟೇಪ್‌ಔಟ್ ಬೇರೆ ಫ್ಯಾಬ್‌ಗಳ (ಚಿಪ್ ಕಾರ್ಖಾನೆ) ಕಡೆ ಹೊರಳಿದೆ. ಈಗಲೇ ಅಷ್ಟು ದೂರ ಯೋಚಿಸಬೇಡ, ಮೊದಲು ತೊಟ್ಟಿಯವರ ಸರ್ಕ್ಯೂಟ್ ಓಡಿಸು.

ಹೊಸಬ_ಕೆಂಗೇರಿ · ಮಂಗಳವಾರ ಮಧ್ಯಾಹ್ನ 2:45

ಓಡಿಸಿದೆ ಅಕ್ಕ. 1ಮೆಗ್ ಅಂತಲೇ ಬರೆದೆ. ಆದರೆ ನಡುವಿನ ನೋಡ್‌ನಲ್ಲಿ ಸೊನ್ನೆ ವೋಲ್ಟ್ ಬರ್ತಿದೆ. ಬ್ಯಾಟರಿ ಹಾಕಿದ್ದೀನಿ, ಫೈಲ್‌ನ ಮೊದಲ ಸಾಲಲ್ಲೇ ಇದೆ. ಮೂರು ಸಲ ನೋಡಿದೆ.

ನಿವೃತ್ತ_ಮಲ್ಲೇಶ್ವರ · ಮಂಗಳವಾರ ಮಧ್ಯಾಹ್ನ 3:00

ಮಗೂ, ಮೊದಲ ಸಾಲು ಯಾವಾಗಲೂ ಶೀರ್ಷಿಕೆ. ಅಲ್ಲಿ ಏನೇ ಬರೆದರೂ ಸ್ಪೈಸ್ ಅದನ್ನು ಸರ್ಕ್ಯೂಟ್ ಎಂದು ಓದುವುದಿಲ್ಲ. ನಿನ್ನ ಬ್ಯಾಟರಿ ಹೆಸರಿನ ಫಲಕವಾಗಿ ನಿಂತಿದೆ. ಅದರ ಮೇಲೆ ಒಂದು ಸಾಲು ಸೇರಿಸು.

ಹೊಸಬ_ಕೆಂಗೇರಿ · ಮಂಗಳವಾರ ಮಧ್ಯಾಹ್ನ 3:06

ಅಯ್ಯೋ. 1.95 ಬಂತು ತಾತ. ಬ್ಯಾಟರಿ ಕರೆಂಟೂ ನೋಡಿದೆ, 1.95 ಮೈಕ್ರೋಆಂಪ್.